ಬೆಚ್ಚಗಿನ ಹನಿ

ಗಡಹಿಂಗ್ಲಜ ಬಸ್ ಸ್ಟ್ಯಾಂಡಿನ ಗೋಡೆಗೆ ಹೊಂದಿಕೊಂಡು ಒಂದು ಕೋಳಿ ಅಂಗಡಿ ಇದೆ. ಕೊಯ್ದ ಕೋಳಿಯನ್ನು ಅಲ್ಲಿ ಬಿಸಿನೀರಿನ ಡಬ್ಬಿಯಲ್ಲಿ ಅದ್ದಿ ಪುಕ್ಕ ಕೀಳುತ್ತಾರೆ. ಕಳೆದ ವಾರ ನೇಸರಿ ಕಡೆಯ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಗಾಳಿ ತಿರುಗಿತು. ಬಿಸಿನೀರು ಮತ್ತು ಒದ್ದೆ ಪುಕ್ಕ ಎರಡೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿದ್ದ ಚಹಾ ಹಾಗೇ ಉಳಿಯಿತು.

"ಯಾಕ್ರಿ ಮಾಮಾ, ಸಕ್ರಿ ಕಡಿಮಿ ಆತೇನು?" ಅಂದ ಚಹಾದವನು.

"ಇಲ್ಲಪಾ, ಬಿಸಿ ಭಾಳ ಐತಿ" ಅಂದು ಲೋಟ ಅಲ್ಲೇ ಇಟ್ಟೆ.

ಚಹಾ ಆಗಲೇ ಆರಿತ್ತು. ನೆನಪಿಗೆ ಬಂದದ್ದು ನಾಲ್ಕು ವರ್ಷದ ಹಿಂದಿನ ಮಾತು. ಕಬ್ಬಿನ ಹಂಗಾಮು ಆಗಲೂ ಹೀಗೆಯೇ ನಡೆದಿತ್ತು. ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರು, ಬೆಳಗಿನ ಚಳಿ, ಗಾಳಿಯಲ್ಲಿ ರವದಿ, ಅಂದರೆ ಕಬ್ಬಿನ ಒಣಗರಿ, ಸುಟ್ಟ ಬೂದಿ.

ಕಳೆದ ವಾರ ಬಸ್ಸಿಗೆ ಕಾಯುವಾಗ ನನ್ನ ಹೆಗಲ ಚೀಲದಲ್ಲಿ ಅಂಗೈಯಷ್ಟು ಉದ್ದದ ಒಂದು ರಟ್ಟಿನ ಡಬ್ಬಿ ಇತ್ತು. ಅದರೊಳಗೆ ಕೋಳಿಯ ರಕ್ತ ಪರೀಕ್ಷಿಸುವ ಇಪ್ಪತ್ತೈದು ಪಟ್ಟಿ, ಎರಡು ಸಣ್ಣ ಬಾಟಲಿ, ಮಡಚಿದ ಒಂದು ಸೂಚನೆಯ ಹಾಳೆ. ಅಕ್ಕನಿಗೆ ತೋರಿಸಲಿಕ್ಕೆ ಅಂತ ಒಯ್ಯುತ್ತಿದ್ದೆ. ಇನ್ನೊಂದು ಕೆಲಸವೂ ಇತ್ತು. ಅದನ್ನು ನಾಲ್ಕು ವರ್ಷದಿಂದ ಮುಂದೆ ಮುಂದೆ ಹಾಕುತ್ತ ಬಂದಿದ್ದೆ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಬಿಡಿಸಿದರು ಅನ್ನುವುದಿಲ್ಲ, ನಾನೇ ಬಿಟ್ಟೆ. ಅಪ್ಪ ರಬಕವಿ ಕಡೆಯಿಂದ ಇಚಲಕರಂಜಿಗೆ ಬಂದು ಕಬನೂರಿನ ಒಂದು ಶೆಡ್ಡಿನಲ್ಲಿ ಪವರ್‌ಲೂಮ್ ನಡೆಸುತ್ತಿದ್ದ. ನಾನೂ ಅದೇ ಶೆಡ್ಡಿಗೆ ಹೋದೆ. ಇಪ್ಪತ್ತೆರಡು ವರ್ಷ ಮಗ್ಗದ ಮುಂದೆ ನಿಂತೆ. ಹರಿದ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ನಾನು ಗಂಟು ಹಾಕಿದರೆ ಬಟ್ಟೆಯ ಮೇಲೆ ಆ ಗಂಟು ಎಲ್ಲಿದೆ ಎಂದು ಮಾಲಕನಿಗೂ ಸಿಗುತ್ತಿರಲಿಲ್ಲ. ಚಳಿಗಾಲ ಬಂತೆಂದರೆ ನೂಲು ಬಿರುಸಾಗಿ ಪಟಪಟ ಹರಿಯುತ್ತದೆ. ಉಳಿದವರು ನೂಲಿಗೆ ಬೈಯುತ್ತಿದ್ದರು. ನಾನು ಬೆಳಿಗ್ಗೆ ಒಂದು ಬಕೀಟು ಬಿಸಿನೀರನ್ನು ಸದ್ದಿಲ್ಲದೆ ಮಗ್ಗದ ಕೆಳಗೆ ಸರಿಸಿಡುತ್ತಿದ್ದೆ. ಆವಿಗೆ ಎಳೆ ಮೆತ್ತಗಾಗುತ್ತಿತ್ತು. ನನ್ನ ಮಗ್ಗ ನಿಲ್ಲುತ್ತಿರಲಿಲ್ಲ. ಬೆಚ್ಚಗಿಟ್ಟರೆ ಯಾವುದೂ ಹರಿಯುವುದಿಲ್ಲ, ಇದು ನಾನು ಯಾರಿಗೂ ಕಲಿಸದ ವಿದ್ಯೆ.

ಮಾಲಕ ಮಗ್ಗಗಳನ್ನು ಗುಜರಿಗೆ ಹಾಕಿದಾಗ ನನಗೆ ಮೂವತ್ತೈದು ದಾಟಿತ್ತು. ಹೆಂಡತಿ ಸುಮಿತ್ರಾ ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ನೂಲಿನ ಕಾಂಡಿ ಸುತ್ತುತ್ತಿದ್ದಳು. ನಾನು ಮೂರು ತಿಂಗಳು ಅವಳ ಮುಂದೆ ಸುಮ್ಮನೆ ಕೂತೆ. ಆಮೇಲೆ ಕೊಲ್ಲಾಪುರದ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೋಳಿ ಹಿಡಿಯಲು ಆಳು ಬೇಕೆಂದು ತಿಳಿಯಿತು. "ಕೋಳಿ ಹಿಡಿಯೂ ಕೆಲಸಾ?" ಅಂದಳು ಸುಮಿತ್ರಾ. "ಕೆಲಸಾ ಅಂದ ಮ್ಯಾಲ ಕೆಲಸಾ" ಅಂದೆ. ಒಳಗೆ ಉರಿಯುತ್ತಿತ್ತು.

ಅಲ್ಲಿಯ ಡಾಕ್ಟರು ಒಬ್ಬ ಹೆಣ್ಣುಮಗಳು. ಊರು ಗಡಹಿಂಗ್ಲಜ. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ಎಲ್ಲರೂ ಮ್ಯಾಡಂ ಅನ್ನುತ್ತಿದ್ದರು. ಮೊದಲ ದಿನ ಒಂದು ಕೋಳಿಯನ್ನು ನನ್ನ ಕೈಗೆ ಕೊಟ್ಟು, "ರೆಕ್ಕಿ ಬಿಡಿಸಿ ನರಾ ತೋರಸ್ರಿ ನೋಡೂಣು" ಅಂದರು. ರೆಕ್ಕೆಯ ಒಳಮೈಯಲ್ಲಿ ಒಂದು ನೀಲಿ ಎಳೆ ಹಾಯುತ್ತದೆ. ಇಪ್ಪತ್ತೆರಡು ವರ್ಷ ಎಳೆ ಹುಡುಕಿದ ಕಣ್ಣು ನನ್ನದು. ಬೆರಳಿಟ್ಟು ತೋರಿಸಿದೆ. ತಿಂಗಳೊಪ್ಪತ್ತಿನಲ್ಲಿ ಸೂಜಿಯೂ ನನ್ನ ಕೈಗೆ ಬಂತು. ಕೋಳಿ ಒಂದು ಸಲ ಕುಯ್ ಅನ್ನುವುದರೊಳಗೆ ರಕ್ತ ಕೊಳವೆಯಲ್ಲಿರುತ್ತಿತ್ತು.

ಮ್ಯಾಡಂ ಹಿಡಿದ ಕೆಲಸ ಒಂದು ರೋಗದ್ದು. ಕೋಳಿಗೆ ಒಂದು ಗಾಳಿರೋಗ ಬರುತ್ತದೆ. ಪುಸ್ತಕದಲ್ಲಿ ರಾಣಿಖೇತ. ನಮ್ಮ ಕಡೆ ಮಾನಮೋಡಿ ಅನ್ನುತ್ತಾರೆ, ಕತ್ತು ತಿರುಚಿ ಕೊಲ್ಲುವ ರೋಗ. ಬಂತೆಂದರೆ ಔಷಧಿಯಿಲ್ಲ. ಮೊದಲೇ ಲಸಿಕೆ ಹಾಕಬೇಕು.

"ಲಸಿಕಿ ಹಾಕಸೇವಿ ಅಂತ ಎಲ್ಲಾರೂ ಹೇಳತಾರ್ರಿ ಪರಸಪ್ಪ" ಅನ್ನುತ್ತಿದ್ದರು ಮ್ಯಾಡಂ. "ಹಾಕಿದ್ದು ಹತ್ತೇತೋ ಇಲ್ಲೋ ಯಾರಿಗೆ ಗೊತ್ತೈತಿ? ಅದನ್ನ ಕೇಳಾಕ ಒಂದ ಹನಿ ರಕ್ತ ಸಾಕಾಗಬೇಕು. ಅಂಗಳದಾಗ ಕುಂತು ನೋಡುವಂಗ ಇರಬೇಕು."

ಲಸಿಕೆ ಹತ್ತಿದ ಕೋಳಿಯ ರಕ್ತದಲ್ಲಿ ಆ ರೋಗವನ್ನು ತಡೆಯುವಂಥದ್ದು ಹುಟ್ಟುತ್ತದೆ. ಮ್ಯಾಡಂ ಅದಕ್ಕೆ ಆಂಟಿಬಾಡಿ ಅನ್ನುತ್ತಿದ್ದರು, ನಾನು ಕಾವಲು ಅನ್ನುತ್ತಿದ್ದೆ. ರಕ್ತ ಹೆಪ್ಪುಗಟ್ಟಿದ ಮೇಲೆ ಹಳದಿ ನೀರು ಮೇಲೆ ನಿಲ್ಲುತ್ತದಲ್ಲ, ಅದರಲ್ಲಿ ಮ್ಯಾಡಂ ತಯಾರಿಸಿದ ಬಿಳಿ ಪಟ್ಟಿಯನ್ನು ಅದ್ದಿ, ಆಮೇಲೆ ಎರಡು ಔಷಧಿಯಲ್ಲಿ ಅದ್ದಿದರೆ ಪಟ್ಟಿಯ ಮೇಲೆ ಕಂದು ಚುಕ್ಕೆ ಮೂಡುತ್ತಿತ್ತು. ದಟ್ಟ ಚುಕ್ಕೆ ಬಂದರೆ ಕಾವಲು ಗಟ್ಟಿ. ಚುಕ್ಕೆಯೇ ಇಲ್ಲದಿದ್ದರೆ ಕಾವಲಿಲ್ಲ. ನಡುವೆ ಮಸಕು ಚುಕ್ಕೆ ಬಂದರೆ? ಅದಕ್ಕೆ ಹೌದೆನ್ನಬೇಕೋ ಅಲ್ಲವೆನ್ನಬೇಕೋ? ಆ ಗೆರೆ ಎಳೆಯುವುದೇ ಆ ವರ್ಷದ ಕೆಲಸವಾಗಿತ್ತು. ಅದಕ್ಕೆ ಕಾವಲಿದೆಯೋ ಇಲ್ಲವೋ ನೂರಕ್ಕೆ ನೂರು ಗೊತ್ತಿರುವ ಕೋಳಿಗಳು ಬೇಕು. ಲಸಿಕೆ ಹಾಕಿದ ನಲವತ್ತು, ಹಾಕದ ನಲವತ್ತು.

ಗಡಹಿಂಗ್ಲಜದ ಹೊರಗೆ ಮಾಳದ ಮೇಲೆ ದೂರ ದೂರ ಎರಡು ಶೆಡ್ಡು ಹಿಡಿದರು. ಒಂದನ್ನು ಮುಟ್ಟಿದವರು ಅಂದು ಇನ್ನೊಂದನ್ನು ಮುಟ್ಟುವಂತಿಲ್ಲ. ಲಸಿಕೆಯ ಶೆಡ್ಡು ನನ್ನ ಪಾಲಿಗೆ ಬಂತು. ವಾರವಿಡೀ ಅಲ್ಲೇ ಇರುತ್ತಿದ್ದೆ, ರವಿವಾರ ಶಹಾಪುರಕ್ಕೆ ಹೋಗುತ್ತಿದ್ದೆ. ಮನೆಯಿಂದ ಮಗ್ಗದ ಕಸದ ಬಣ್ಣದ ನೂಲು ತಂದು ಮರಿಗಳ ಕಾಲಿಗೆ ಕಟ್ಟಿದೆ. ಕೆಂಪು ಹತ್ತು, ಹಸಿರು ಹತ್ತು, ಹಳದಿ ಹತ್ತು, ನೀಲಿ ಹತ್ತು. ರಕ್ತದ ಕೊಳವೆಗೂ ಆ ಕೋಳಿಯ ಬಣ್ಣದ್ದೇ ನೂಲು ಕಟ್ಟುತ್ತಿದ್ದೆ. ಕೊಳವೆಯ ಮೇಲೆ ಬರೆದ ಅಂಕಿ ಅಳಿಸಬಹುದು, ಗಂಟು ಅಳಿಸುವುದಿಲ್ಲ. ಮ್ಯಾಡಂ ನಕ್ಕು, "ನಿಮ್ಮ ನೂಲು ನಿಮಗಿರಲಿ, ನನಗ ನಂಬರ ಸಾಕು" ಅಂದಿದ್ದರು.

ಲಸಿಕೆ ಬರುವುದು ಕೊಲ್ಲಾಪುರದಿಂದ. ತರುವವರು ಸದೂಮಾಮಾ. ಅರವತ್ತರ ಹತ್ತಿರದ ಮನುಷ್ಯ, ತೆಳ್ಳಗೆ, ತಲೆಗೆ ಬಿಳಿ ಟೋಪಿ. ಮಂಜುಗಡ್ಡೆ ತುಂಬಿದ ಬರ್ಫದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಬಸ್ಸಿಗೆ ಬರುತ್ತಿದ್ದರು. ಬಸ್ಸಿನಲ್ಲಿ ಯಾರಾದರೂ ಏನಿದೆ ಎಂದು ಕೇಳಿದರೆ, "ಕುಲ್ಫಿ" ಅನ್ನುತ್ತಿದ್ದರು.

ಲಸಿಕೆ ಹಾಕುವ ದಿನ ಮಾಳದ ಮೇಲೆ ಕೊರೆಯುವ ಚಳಿ ಇತ್ತು. ಮ್ಯಾಡಂ ಬಾಗಿಲ ಹೊರಗಿನಿಂದಲೇ ಸೀಸೆ ಕೊಟ್ಟರು. "ಬರ್ಫದಾಗ ಇಟ್ಟುಕೋಂತ ಹಾಕ್ರಿ. ಒಂದ ಕಣ್ಣಿಗೆ ಒಂದ ಹನಿ." ಅಂದು ಆ ಕಡೆಯ ಶೆಡ್ಡಿಗೆ ಹೋದರು. ಸದೂಮಾಮಾ ಹೊರಗೆ ಬಿಸಿಲಿಗೆ ಬೆನ್ನು ಕೊಟ್ಟು ತಂಬಾಕು ತಿಕ್ಕುತ್ತ ಕೂತರು. ಒಳಗೆ ನಾನೊಬ್ಬನೇ.

ಕೆಂಪು ನೂಲಿನ ಮೊದಲ ಮರಿಯನ್ನು ಎಡಗೈಯಲ್ಲಿ ಹಿಡಿದೆ. ಮುಷ್ಟಿಯಷ್ಟೂ ಇಲ್ಲ, ಎದೆ ಡವಡವ. ಹನಿ ಬಿಟ್ಟೆ. ಬರ್ಫದ ಹನಿ ಕಣ್ಣಿಗೆ ಬಿದ್ದದ್ದೇ ಮರಿ ಬೆದರಿ ತಲೆ ಝಾಡಿಸಿತು, ಹನಿ ನನ್ನ ಅಂಗಿಗೆ ಬಂತು. ಎರಡನೆಯದೂ ಹಾಗೆಯೇ. ಇಷ್ಟೇ ಇಷ್ಟು ಜೀವ, ಈ ಚಳಿಯಲ್ಲಿ ಕಣ್ಣಿಗೆ ಬರ್ಫ. ನನಗೆ ಅವ್ವ ನೆನಪಾದಳು. ಚಿಕ್ಕವನಿದ್ದಾಗ ನನಗೆ ಕಣ್ಣು ಬಂದರೆ ಅವ್ವ ಔಡಲೆಣ್ಣೆಯನ್ನು ಚಮಚದಲ್ಲಿ ದೀಪದ ಮೇಲೆ ಹಿಡಿದು, ತನ್ನ ಮಣಿಕಟ್ಟಿಗೆ ಒಂದು ಹನಿ ಬಿಟ್ಟು ನೋಡಿ, ಬೆಚ್ಚಗಿದೆಯೆಂದು ಖಾತ್ರಿಯಾದ ಮೇಲೆ ಕಣ್ಣಿಗೆ ಬಿಡುತ್ತಿದ್ದಳು. ತಣ್ಣಗಿನದನ್ನು ಯಾರಾದರೂ ಕೂಸಿನ ಕಣ್ಣಿಗೆ ಬಿಡುತ್ತಾರೆಯೇ?

ಪಾತ್ರೆ ತೊಳೆಯಲು ಇಟ್ಟಿದ್ದ ಬಿಸಿನೀರನ್ನು ಚೊಂಬಿಗೆ ಹಾಕಿ ಸೀಸೆಯನ್ನು ಅದರಲ್ಲಿ ನಿಲ್ಲಿಸಿದೆ. ಮಣಿಕಟ್ಟಿಗೆ ಒಂದು ಹನಿ ಬಿಟ್ಟು ನೋಡಿದೆ. ಬೆಚ್ಚಗಿತ್ತು. ಮೂರನೆಯ ಮರಿಗೆ ಹಾಕಿದೆ. ಅದು ಕಣ್ಣು ಮುಚ್ಚಿ ತೆರೆಯಿತು, ಅಷ್ಟೇ. ಕೈಯಲ್ಲೇ ಬೆಚ್ಚಗೆ ಕೂತಿತು. ಮೊದಲಿನ ಎರಡಕ್ಕೂ ಮತ್ತೆ ಹಾಕಿದೆ. ಆಮೇಲೆ ಹಸಿರು, ಆಮೇಲೆ ಹಳದಿ, ಕಡೆಗೆ ನೀಲಿ. ನೀರು ಆರಿದಂತೆ ಮತ್ತೆ ಬಿಸಿ ಮಾಡಿ ಹಾಕುತ್ತಿದ್ದೆ. ಒಂದು ತಾಸಿನ ಮೇಲೆ ಹಿಡಿಯಿತು. ಒಂದು ಮರಿಯೂ ತಲೆ ಝಾಡಿಸಲಿಲ್ಲ.

ಮ್ಯಾಡಂ ಬಂದು ಜಾಳಿಯಿಂದ ನೋಡಿದರು. "ಅರೇ, ಎಲ್ಲಾ ಎಷ್ಟ ಶಾಂತ ಕುಂತಾವರಿ! ಏನ ಮಾಡಿದ್ರಿ?"

"ಕೈಗುಣರೀ ಮ್ಯಾಡಂ" ಅಂದೆ.

ಚೊಂಬನ್ನು ಮುಚ್ಚಿಡಲಿಲ್ಲ. ತೋರಿಸಲೂ ಇಲ್ಲ. ಮಗ್ಗದ ಕೆಳಗಿನ ಬಕೀಟನ್ನು ಎಂದಾದರೂ ಯಾರಿಗಾದರೂ ತೋರಿಸಿದ್ದೆನೇ? ಅಂದು ಇಡೀ ದಿನ ನನ್ನ ಎದೆ ಉಬ್ಬಿತ್ತು. ಆ ಸೀಸೆಯಲ್ಲಿದ್ದದ್ದು ಜೀವವಿರುವ ಲಸಿಕೆ, ಬಿಸಿಗೆ ಸಾಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಬರ್ಫದಲ್ಲಿಡಿ ಎಂದು ಹೇಳಿದ್ದರು, ಯಾಕೆ ಎಂದು ನಾನು ಕೇಳಿರಲಿಲ್ಲ. ಕೇಳಿದರೆ ಗೊತ್ತಿಲ್ಲದವನು ಅನಿಸಿಕೊಳ್ಳಬೇಕಲ್ಲ.

ಸಂಕ್ರಾಂತಿಯ ಹೊತ್ತಿಗೆ ನಲವತ್ತರ ರಕ್ತವನ್ನೂ ತೆಗೆದೆ. ಪ್ರತಿ ಕೋಳಿಯ ರಕ್ತದಲ್ಲಿ ಅರ್ಧ ಪುಣೆಗೆ ಹೋಯಿತು, ಅಲ್ಲಿಯ ದೊಡ್ಡ ಯಂತ್ರದಲ್ಲಿ ತಾಳೆ ನೋಡಲಿಕ್ಕೆ. ಉತ್ತರ ಬರಲು ತಡ. ಲಸಿಕೆ ಹಾಕದ ನಲವತ್ತರ ರಕ್ತ ತೆಗೆಯುವುದು ಇನ್ನೂ ಬಾಕಿ ಇತ್ತು. ಉಳಿದರ್ಧವನ್ನು ಮ್ಯಾಡಂ ತಮ್ಮ ಪಟ್ಟಿಯ ಮೇಲೆ ನೋಡಿದರು. ಹತ್ತು ಹನ್ನೆರಡು ಪಟ್ಟಿಗಳ ಮೇಲೆ ಚುಕ್ಕೆ ದಟ್ಟವಾಗಿತ್ತು. ಉಳಿದವು ಮಸಕು, ಕೆಲವು ಕಾಣುವುದೇ ಕಷ್ಟ.

"ನಲವತ್ತಕ್ಕೂ ಒಂದ ದಿನಾ, ಒಂದ ಸೀಸೆದಿಂದ ಹಾಕೇವಿ" ಅಂದರು ಮ್ಯಾಡಂ. "ಕೋಳಿಯೊಳಗ ಕಾವಲ ಇರಾಕಬೇಕು. ನನ್ನ ಚುಕ್ಕಿಗೇ ಕಣ್ಣಿಲ್ಲ."

ಹದಿನೈದು ದಿನ ಊಟ ನಿದ್ದೆ ಬಿಟ್ಟು ಔಷಧಿಯ ಹದ ಬದಲಿಸಿದರು. ಮಸಕು ಚುಕ್ಕೆಗಳು ಸ್ವಲ್ಪ ಎದ್ದು ಕಂಡವು. ಪುಣೆಯ ಉತ್ತರ ಬರುವವರೆಗೆ ಮಸಕಾದರೂ ಸರಿ, ಚುಕ್ಕೆ ಕಂಡರೆ ಹೌದು ಎಂದು ಬರೆಯುವುದು, ಹೀಗೆ ಗೆರೆ ಎಳೆದರು. ನನ್ನ ಕೈಗುಣದ ಮೇಲೆ ಎಳೆದ ಗೆರೆ ಅದು.

ಆಮೇಲೆ ಹಳ್ಳಿಯ ಕೋಳಿಗಳ ಮೇಲೆ ಪಟ್ಟಿ ನೋಡಬೇಕಿತ್ತು. ನೇಸರಿಯ ಆಚೆಗೆ ನಮ್ಮ ಅಕ್ಕ ನೀಲವ್ವನ ಊರಿದೆ, ಅಲ್ಲಿ ಮನೆಮನೆಗೂ ಕೋಳಿ ಎಂದು ನಾನೇ ಹೇಳಿದೆ. ಮ್ಯಾಡಂ ಹೊರಡುವಾಗ ಎರಡು ಸಲ ಎಚ್ಚರಿಸಿದರು. "ಚುಕ್ಕಿ ನೋಡಿ ಬರಕೋರಿ, ಅಷ್ಟ. ಮಂದಿಗೆ ಏನೂ ಹೇಳಬ್ಯಾಡ್ರಿ. ಇದು ಇನ್ನೂ ಪರೀಕ್ಷಾದ ಪರೀಕ್ಷಾ ಐತಿ."

ಅಕ್ಕನ ಓಣಿಯಲ್ಲಿ ಅವಳದೂ ಸೇರಿ ಏಳು ಮನೆ. ಅಕ್ಕನ ಗಂಡ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೊಡೆಯಲು ಹೋಗಿ ವಾರಗಟ್ಟಲೆ ಬರುತ್ತಿರಲಿಲ್ಲ. ಅಕ್ಕನ ಮನೆ ನಡೆಯುತ್ತಿದ್ದದ್ದು ಇಪ್ಪತ್ತಮೂರು ಕೋಳಿಗಳ ಮೇಲೆ. ಒಂದೊಂದಕ್ಕೂ ಹೆಸರಿತ್ತು, ಕಪ್ಪು ಕೋಳಿಗೆ ಕರಿಯವ್ವ. ಬೆಳಿಗ್ಗೆ ಕೋಳಿ ಮುಚ್ಚಿದ ಬುಟ್ಟಿ ಎತ್ತುವಾಗ ಅವಳು ಹೆಸರು ಕರೆದೇ ಹೊರಗೆ ಬಿಡುವುದು.

ಅಂಗಳದಲ್ಲಿ ನಾನು ಸಾಮಾನು ಹರವಿದ್ದೇ ತಡ, ಓಣಿ ಎಲ್ಲ ಕೂಡಿತು. ಎದುರು ಮನೆಯ ಗಂಗವ್ವ ಮುದುಕಿ, ನಾಲಗೆ ಮಾತ್ರ ಹರೆಯದ್ದು.

"ಏನ ಪರಸ್ಯಾ, ಮಗ್ಗಾ ಬಿಟ್ಟು ಕೋಳಿ ಡಾಕ್ಟರ ಆದೇನು?"

"ಡಾಕ್ಟರ ಅಲ್ಲಬೇ, ಕಂಪೌಂಡರ."

"ಕೋಳಿ ರಕ್ತಾ ತಪಾಸ ಮಾಡಾಕ ಕೊಲ್ಲಾಪುರದಿಂದ ಮಂದಿ ಬರ್ತಾರ. ನನ್ನ ಗಂಡಾ ಸಾಯೂತನಕಾ ಅಂವಗ ಒಬ್ಬರೂ ಮಾಡಲಿಲ್ಲ ನೋಡ."

"ನಿನ್ನ ಗಂಡಾ ತತ್ತಿ ಇಡತಿದ್ದನೇನಬೇ?" ಅಂದಳು ಅಕ್ಕ. ಓಣಿ ನಕ್ಕಿತು. ಗಂಗವ್ವನೂ ನಕ್ಕಳು.

ನಾನು ಒಂದೊಂದೇ ಕೋಳಿ ಹಿಡಿದು ರಕ್ತ ತೆಗೆದೆ, ಪಟ್ಟಿ ಅದ್ದಿದೆ. ಹೋದ ವರ್ಷ ಸರಕಾರಿ ದವಾಖಾನೆಯವರು ಬಂದು ಲಸಿಕೆ ಹಾಕಿದ್ದರಂತೆ. ಪಟ್ಟಿಯ ಮೇಲೆ ಚುಕ್ಕೆ ಬಂದವು, ಮಸಕಾಗಿ. ಏಳೂ ಮನೆಯ ಕಣ್ಣು ನನ್ನ ಕೈಯ ಮೇಲೆ. ಶಾಲೆ ಬಿಟ್ಟ ಮೇಲೆ ಅಷ್ಟು ಜನ ನನ್ನ ಮಾತಿಗೆ ಕಾದು ಕೂತದ್ದು ಅದೇ ಮೊದಲು.

ಅಕ್ಕ ಕೇಳಿದಳು, "ಬರೂ ಗುರುವಾರ ದವಾಖಾನ್ಯಾವರು ಮತ್ತ ಲಸಿಕಿ ಹಾಕಾಕ ಬರ್ತಾರಂತ. ಹಾಕಸಿದ್ರ ಎಂಟ ದಿನಾ ತತ್ತಿ ನಿಲ್ಲತಾವ. ಹಾಕಸ್ಲೇನು, ಬಿಡ್ಲೇನು? ನೀ ಹೇಳಿದಂಗ."

ಮ್ಯಾಡಂ ಹೇಳಿದ್ದು ನೆನಪಿತ್ತು. ನೆನಪಿದ್ದೂ ಹೇಳಿದೆ. "ಚುಕ್ಕಿ ಬಂದೈತಿ ಅಕ್ಕಾ. ಕಾವಲ ಐತಿ. ಸುಮ್ನ ಯಾಕ ಅವಕ್ಕ ತ್ರಾಸ ಕೊಡತಿ?"

"ಕೇಳಿದ್ರೇನ್ರೆವಾ? ನನ್ನ ತಮ್ಮ ಹೇಳ್ಯಾನ" ಅಂದಳು ಅಕ್ಕ ಓಣಿಗೆಲ್ಲ ಕೇಳುವಂತೆ.

ಗುರುವಾರ ಲಸಿಕೆಯವರು ಬಂದಾಗ ಆ ಓಣಿಯಲ್ಲಿ ಒಬ್ಬರೂ ಬುಟ್ಟಿ ಎತ್ತಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಅಕ್ಕನ ಫೋನು ಬಂತು. ದನಿ ಅವಳದಲ್ಲ ಅನ್ನುವಂತಿತ್ತು. "ಕರಿಯವ್ವನ ಕತ್ತು ತಿರಿಗೇತೋ. ಹಸರ ಹಿಕ್ಕಿ ಹಾಕಾಕತ್ತಾವ. ನಾಕು ಆಗಲೇ ಹೋದುವು."

ನಾನು ಹೋಗಿ ಮುಟ್ಟುವ ಹೊತ್ತಿಗೆ ಒಂಬತ್ತು ಹೋಗಿದ್ದವು. ಉಳಿದವು ರೆಕ್ಕೆ ಜೋತುಬಿಟ್ಟು, ಬಾಯಿ ತೆರೆದು ಉಸಿರೆಳೆಯುತ್ತ ನಿಂತಿದ್ದವು. ಒಂದು ಹುಂಜ ಹಿಂದಕ್ಕೆ ನಡೆಯುತ್ತಿತ್ತು. ಕತ್ತು ಬೆನ್ನ ಮೇಲೆ ತಿರುಚಿಕೊಂಡು, ಆಕಾಶ ನೋಡುತ್ತ, ಗೋಡೆಗೆ ಬಡಿದು ಬಿದ್ದು ಮತ್ತೆ ಎದ್ದು ಹಿಂದಕ್ಕೇ ನಡೆಯುತ್ತಿತ್ತು. ಅಕ್ಕ ಅದನ್ನು ಎತ್ತಿಕೊಂಡು ಕತ್ತನ್ನು ನೆಟ್ಟಗೆ ಹಿಡಿದು ಕೂತಳು. ಕೈ ಬಿಟ್ಟರೆ ಕತ್ತು ಮತ್ತೆ ತಿರುಗುತ್ತಿತ್ತು. ಮೂರು ದಿನದಲ್ಲಿ ಏಳೂ ಮನೆಯ ಬುಟ್ಟಿ ಬರಿದಾದವು. ಹಳ್ಳದ ದಂಡೆಗೆ ಗುಂಡಿ ತೋಡಿ, ಸುಣ್ಣ ಹಾಕಿ, ನಾನೇ ಮುಚ್ಚಿದೆ. ಕಾಲಿಗೆ ನೂಲು ಕಟ್ಟದ ಕೋಳಿಗಳು. ಯಾವುದು ಯಾರದೆಂದು ಗುಂಡಿಯಲ್ಲಿ ಗೊತ್ತಾಗಲಿಲ್ಲ.

ಊರ ಹೊರಗೆ ಕಬ್ಬು ಕಡಿಯುವವರ ಗುಡಿಸಲುಗಳಿದ್ದವು. ಅವರೂ ತಮ್ಮ ಕೋಳಿಗಳನ್ನು ಗಾಡಿಗೆ ಕಟ್ಟಿಕೊಂಡು ದೂರದೂರಿಂದ ಬಂದಿದ್ದರು. ರೋಗ ಅವರಿಂದಲೇ ಬಂತೆಂದು ಊರವರು ಗುಡಿಸಲು ಕೀಳಿಸಿದರು. ಬಂದದ್ದು ಅವರಿಂದಲೇ ಇರಬಹುದು. ಕಾವಲಿಗೆ ನಿಲ್ಲಬೇಕಾದದ್ದನ್ನು ತಡೆದವನು ಯಾರು? ನಾನು ಸಲಿಕೆ ಹಿಡಿದು ಗುಂಡಿಗೆ ಮಣ್ಣು ಎಳೆದೆ.

ಗಂಗವ್ವ ಅಂಗಳಕ್ಕೆ ಬಂದು ಅಕ್ಕನ ಮುಂದೆ ಕೂಗಾಡಿದಳು. "ನಿನ್ನ ತಮ್ಮನ ಚುಕ್ಕಿ ಎಲ್ಲಿ ಹೋತು? ಕರಿ ಅಂವನ್ನ!"

ಅಕ್ಕ ಸೆರಗು ಕಟ್ಟಿ ಎದ್ದು ನಿಂತಳು. "ಅಂವ ರಕ್ತಾ ನೋಡ್ಯಾನಬೇ, ಹಣೇಬರಾ ನೋಡ್ಯಾನೇನು?"

ಮ್ಯಾಡಂ ಬಂದು ಸತ್ತ ಕೋಳಿಗಳನ್ನು ನೋಡಿದರು. "ಗುರುವಾರ ಲಸಿಕಿ ಯಾಕ ಹಾಕಸಲಿಲ್ಲರಿ ಅಕ್ಕಾರ?" ಎಂದು ಕೇಳಿದರು. ಅಕ್ಕ ಒಂದು ಕ್ಷಣ ನನ್ನ ಕಡೆ ನೋಡಿದಳು. ಆಮೇಲೆ, "ಮರತ್ವಿರಿ" ಅಂದಳು. "ಹೆಂಗಸರು ನಾವು, ಕೆಲಸದಾಗ ಮರತ್ವಿ." ಗಂಗವ್ವ ಬಾಯಿ ತೆರೆದವಳು ಅಕ್ಕನ ಮುಖ ನೋಡಿ ಮುಚ್ಚಿಕೊಂಡಳು. ನನ್ನ ಅನ್ನಕ್ಕೆ ಕಲ್ಲು ಬೀಳಬಾರದೆಂದು ಇಡೀ ಓಣಿಯನ್ನೇ ಮರೆಗುಳಿ ಮಾಡಿದಳು ನನ್ನ ಅಕ್ಕ.

ಅದೇ ವಾರ ಪುಣೆಯ ಕಾಗದ ಬಂತು. ಅಲ್ಲಿಯ ಯಾರೋ ಶಿಸ್ತಿನ ಮನುಷ್ಯ ನಂಬರಿನ ಪಕ್ಕಕ್ಕೆ ಕೊಳವೆಗೆ ಕಟ್ಟಿದ ನೂಲಿನ ಬಣ್ಣವನ್ನೂ ಬರೆದುಬಿಟ್ಟಿದ್ದ. ಮ್ಯಾಡಂ ಅದನ್ನು ಮೇಜಿನ ಮೇಲೆ ಹರವಿ ತಲೆ ಹಿಡಿದು ಕೂತಿದ್ದರು. ಕೆಂಪು ನೂಲಿನವುಗಳಲ್ಲಿ ಕಾವಲು ಗಟ್ಟಿ. ಹಸಿರಿನಲ್ಲಿ ಎರಡು ಮೂರರಲ್ಲಿ ಮಾತ್ರ. ಹಳದಿಯಲ್ಲಿ ಇಲ್ಲ. ನೀಲಿಯಲ್ಲಿ ಇಲ್ಲವೇ ಇಲ್ಲ.

"ಆ ಮಸಕು ಚುಕ್ಕಿ ತಾಯಿಯಿಂದ ತತ್ತಿಯೊಳಗ ಬಂದಿದ್ದ ಉಳಿಕಿ ಅಷ್ಟರಿ. ರೋಗಾ ತಡಿಯಾಂಗಿಲ್ಲ" ಅಂದರು ಮ್ಯಾಡಂ. "ನನ್ನ ಚುಕ್ಕಿಗೆ ಮೊದಲ ಕಣ್ಣಿತ್ತು. ನಾನ ತಿಳಿಲಾರದ ಅದನ್ನ ಕೆಡಿಸಿದೆ. ಲಸಿಕೀನ ಸತ್ತಿತ್ತು. ಆದರ ಈ ಬಣ್ಣದ ಲೆಕ್ಕ ಏನು? ನೂಲಿನ ಬಣ್ಣಾ ಬಿಟ್ಟು ರಕ್ತಕ್ಕ ಹೋಗೇತೇನು?"

ಕೆಂಪು, ಹಸಿರು, ಹಳದಿ, ನೀಲಿ. ಆ ಸಾಲು ಏನೆಂದು ಇಡೀ ಜಗತ್ತಿನಲ್ಲಿ ಒಬ್ಬನಿಗೆ ಗೊತ್ತಿತ್ತು. ಅದು ನಾನು ಹನಿ ಹಾಕಿದ ಸಾಲು. ಸೀಸೆ ಬಿಸಿನೀರಿನಲ್ಲಿ ಎಷ್ಟೆಷ್ಟು ಹೊತ್ತು ನಿಂತಿತೋ ಅಷ್ಟಷ್ಟು ಸತ್ತ ಸಾಲು. "ಗೊತ್ತಿಲ್ಲರಿ ಮ್ಯಾಡಂ" ಅಂದೆ.

ಪ್ರಯೋಗಾಲಯದ ಮ್ಯಾನೇಜರರಿಗೆ ಬಣ್ಣದ ಗೊಡವೆ ಬೇಕಿರಲಿಲ್ಲ. ಲಸಿಕೆ ಸತ್ತಿದೆ, ಅಂದರೆ ದಾರಿಯಲ್ಲಿ ಬರ್ಫ ಕರಗಿದೆ. ತಂದವರು ಸದೂಮಾಮಾ. ನಾಳೆಯಿಂದ ಬರಬೇಡಿ ಅಂದರು.

"ಬರ್ಫ ವಿತಳಲಾ ನಾಹೀ ಸಾಹೇಬ" ಅಂದರು ಮಾಮಾ. ಬರ್ಫ ಕರಗಿಲ್ಲ. ಅದೊಂದೇ ಮಾತನ್ನು ನಾಲ್ಕು ಸಲ ಹೇಳಿ, ಟೋಪಿ ಸರಿಮಾಡಿಕೊಂಡು ಹೋದರು.

ನಾನು ಒಂಬತ್ತು ದಿನ ಸುಮ್ಮನಿದ್ದೆ. ಮಗ್ಗದವನ ಮಾನ ಬಟ್ಟೆಯಲ್ಲಿರುತ್ತದೆ, ಒಂದು ಎಳೆ ತಪ್ಪಿದರೂ ತಾನೇ ಬಿಚ್ಚಿ ಸರಿ ಮಾಡುತ್ತಾನೆ ಎಂದು ಅಪ್ಪ ಹೇಳುತ್ತಿದ್ದ. ಹೇಳುವುದು ಸುಲಭ. ರವಿವಾರ ಮನೆಗೆ ಹೋದರೆ ಸುಮಿತ್ರಾ ತಾಟು ಮುಂದಿಟ್ಟು, ನನ್ನ ಮುಖ ನೋಡಿ, "ಯಾಕ, ಮೋತಿ ಹಿಂಗ್ಯಾಕ?" ಅಂದಳು. "ಕೋಳಿ ವಾಸನಿ" ಅಂದೆ.

ಹತ್ತನೆಯ ದಿನ ಸದೂಮಾಮಾ ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತಿದ್ದರು. ತೊಡೆಯ ಮೇಲೆ ಬರ್ಫದ ಡಬ್ಬಿ. ಅದರ ಬಾಯಿಗೆ ಕಾಗದ ಅಂಟಿಸಿ, ಕೊಲ್ಲಾಪುರ ಬಸ್ ಸ್ಟ್ಯಾಂಡಿನ ಕಂಟ್ರೋಲರನ ಕಡೆಯಿಂದ ವೇಳೆ ಬರೆಸಿ ಸಹಿ ಹಾಕಿಸಿಕೊಂಡಿದ್ದರು. ಅದನ್ನು ಹೊತ್ತು ಗಡಹಿಂಗ್ಲಜಕ್ಕೆ ಹೋಗಿ, ಮಾಳದವರೆಗೆ ನಡೆದು, ತಿರುಗಿ ಬಂದಿದ್ದರು. ಹೋಗಿ ಬರುವ ದಾರಿ ಎರಡೂ. ಎಲ್ಲರ ಮುಂದೆ ಕಾಗದ ಹರಿದು ಮುಚ್ಚಳ ತೆಗೆದರು.

"ಬಘಾ" ಅಂದರು. ನೋಡಿ.

ಒಳಗೆ ಬರ್ಫ ಇತ್ತು. ಅಂಚು ಮಾತ್ರ ಕರಗಿ ದುಂಡಗಾಗಿತ್ತು. ಮ್ಯಾನೇಜರರು ಮೀಟಿಂಗಿನಲ್ಲಿದ್ದರು, ಹೊರಗೆ ಬರಲಿಲ್ಲ. ಒಬ್ಬಿಬ್ಬರು ನೋಡಿ, ಪಾಪ ಅಂದು ಹೋದರು. ಮಾಮಾ ಡಬ್ಬಿಯನ್ನು ನನ್ನ ಕಡೆ ತಿರುಗಿಸಿ, "ಪರಸಪ್ಪಾ, ನೀನಾರ ನೋಡು" ಅಂದರು.

ನಾನು ಡಬ್ಬಿ ನೋಡಲಿಲ್ಲ. ನೆಟ್ಟಗೆ ಒಳಗೆ ಹೋಗಿ ಮ್ಯಾಡಂ ಮುಂದೆ ನಿಂತೆ. "ಬರ್ಫದ ತಪ್ಪಲ್ಲರಿ. ಸೀಸೆ ನಾ ಬಿಸಿ ಮಾಡೇನಿ."

ಅವರು ಬೈಯುತ್ತಾರೆ, ಹೊರಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ಒಂದು ಚೊಂಬು ತಂದು ಮೇಜಿನ ಮೇಲಿಟ್ಟರು. ಬರೀ ನೀರು ತುಂಬಿದ ಒಂದು ಸೀಸೆ, ಉಷ್ಣಮಾಪಕ, ಗಡಿಯಾರ. "ಮಾಡಿ ತೋರಸ್ರಿ. ಅವತ್ತ ಹೆಂಗ ಮಾಡಿದ್ರಿ ಹಂಗ."

ಆ ಒಂದು ತಾಸು ನನಗೆ ಮಗ್ಗದ ಇಪ್ಪತ್ತೆರಡು ವರ್ಷಕ್ಕಿಂತ ಉದ್ದವಾಯಿತು. ಮಾಮಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ನೀರು ಕಾಯಿಸಿದೆ, ಸೀಸೆ ಇಟ್ಟೆ, ಮಣಿಕಟ್ಟಿಗೆ ಹನಿ ಬಿಟ್ಟು "ಈಗ ಬೆಚ್ಚಗೈತ್ರಿ" ಅಂದೆ. ಚೊಂಬಿನಲ್ಲಿ ಅದ್ದಿದ ಉಷ್ಣಮಾಪಕ ಐವತ್ತಾರು ಡಿಗ್ರಿ ತೋರಿಸಿತು. ಮ್ಯಾಡಂ ಬರೆದುಕೊಂಡರು.

"ನಿಮ್ಮ ಕೈಗೆ ಬೆಚ್ಚಗ" ಅಂದರು. "ಮಗ್ಗಾ ಹಿಡದ ಕೈರಿ ಅದು. ಮ್ಯಾಲ ಹನಿ ಬೀಳೂದರಾಗ ಆರತೈತಿ, ಬಿಸಿ ಎಲ್ಲಿ ಗೊತ್ತಾಗಬೇಕು? ಲಸಿಕಿಗೆ ಅದು ಬೆಂಕಿ."

ಬರೆಯುತ್ತಲೇ ಇನ್ನೊಂದು ಮಾತು ಅಂದರು. "ಎಷ್ಟ ಮನಿಯೊಳಗ ಎಷ್ಟ ಮಂದಿ ಹಿಂಗ ಮಾಡತಿರಬೇಕು. ಕೂಸಿನ ಕಣ್ಣಿಗೆ ತಣ್ಣಂದು ಯಾಕ ಅಂತ. ನಾ ಎಂದೂ ವಿಚಾರಾನ ಮಾಡಿರಲಿಲ್ಲ."

ಆಗ ಉಳಿದದ್ದನ್ನೂ ಹೇಳಿದೆ. ಅಕ್ಕ ಮರೆತಿರಲಿಲ್ಲ, ನಾನೇ ಬೇಡ ಅಂದಿದ್ದೆ ಎಂದು. ಮ್ಯಾಡಂ ಪೆನ್ನಿನ ಮುಚ್ಚಳ ಹಾಕಿದರು.

"ಇದನ್ನ ನಾ ಬರಕೊಳ್ಳಾಂಗಿಲ್ಲರಿ. ಇದು ನನ್ನ ಪುಸ್ತಕದಾಗಿಂದಲ್ಲ. ಎಲ್ಲಿ ಹೇಳಬೇಕೋ ಅಲ್ಲಿ ಹೋಗಿ ನೀವ ಹೇಳ್ರಿ."

ಕೆಲಸ ಹೋಗಲಿಲ್ಲ. ಹೋಗಿದ್ದರೆ ಹಗುರಾಗುತ್ತಿತ್ತೇನೋ. ಮಾಮಾನನ್ನು ಮ್ಯಾನೇಜರರು ಮತ್ತೆ ಕರೆಸಿದರು. ಮಾಮಾ ಒಂದು ಸಲ ಬಂದು ಡಬ್ಬಿ ಒಪ್ಪಿಸಿ ಹೋದರು. "ನಾ ಹೇಳಿದ್ದು ಖರೇ ಆಗಾಕ ಇಂವ ಹೇಳಬೇಕಾತಲ್ರಿ" ಅಂದರು, ಅಷ್ಟೇ. ನನ್ನ ಕಡೆ ನೋಡಲಿಲ್ಲ. ಮುಂದಿನ ಚಳಿಗಾಲದಲ್ಲಿ ಹೊಸ ಮರಿ ತಂದು ಎಲ್ಲ ಮೊದಲಿನಿಂದ ಮಾಡಿದೆವು. ಬರ್ಫದ ಹನಿಗೆ ಮರಿಗಳು ತಲೆ ಝಾಡಿಸಿದವು, ನಾನು ಮತ್ತೆ ಹಾಕಿದೆ, ಮತ್ತೆ ಝಾಡಿಸಿದವು. ಚುಕ್ಕೆ ನಲವತ್ತಕ್ಕೂ ದಟ್ಟವಾಗಿ ಬಂತು. ಗೆರೆ ಸರಿಯಾದ ಜಾಗಕ್ಕೆ ಬಿತ್ತು.

ಅಕ್ಕನಿಗೆ ಮಾತ್ರ ಹೇಳಲಿಲ್ಲ. ಹೋದಾಗಲೆಲ್ಲ ನಾಳೆ ಅಂದುಕೊಂಡೆ. ಅವಳು ಮತ್ತೆ ಕೋಳಿ ಸಾಕಲಿಲ್ಲ. ಆ ಓಣಿಯಲ್ಲಿ ಯಾರೂ ಸಾಕಲಿಲ್ಲ.

ಕಳೆದ ವಾರ ಅಕ್ಕನ ಕಟ್ಟೆಯ ಮೇಲೆ ಕೂತು ಡಬ್ಬಿ ಬಿಚ್ಚಿದೆ. ಕೋಳಿ ಮುಚ್ಚುವ ಬುಟ್ಟಿಗಳಲ್ಲಿ ಈಗ ಸಗಣಿಯ ಕುಳ್ಳು ತುಂಬಿಟ್ಟಿದ್ದಳು. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಇದೇನ ಬರದಾರಿದರಾಗ? ಓದು."

ಹಾಳೆಯಲ್ಲಿ ಮರಾಠಿ, ಕನ್ನಡ ಎರಡೂ ಇತ್ತು. ಓದಿದೆ. ಪಟ್ಟಿಯನ್ನು ಒದ್ದೆ ಕೈಯಲ್ಲಿ ಮುಟ್ಟಬಾರದು. ಮಸಕು ಚುಕ್ಕೆಯನ್ನು ಇಲ್ಲ ಎಂದೇ ತಿಳಿಯಬೇಕು. ನಾಲ್ಕನೆಯ ಸಾಲಿಗೆ ಬಂದಾಗ ದನಿ ಇಳಿಯಿತು. ಲಸಿಕೆಯನ್ನು ಬರ್ಫದಲ್ಲೇ ಇಡಬೇಕು, ಯಾವ ಕಾರಣಕ್ಕೂ ಬಿಸಿ ಮಾಡಬಾರದು.

ಅಕ್ಕ ನಕ್ಕಳು. "ಲಸಿಕಿ ಬಿಸಿ ಮಾಡತಾರೇನೋ? ಅಂಥಾ ಶಾಣ್ಯಾ ಯಾಂವ ಇದ್ದಾನು?"

"ನಾನ ಅಕ್ಕಾ" ಅಂದೆ.

ಎಲ್ಲ ಹೇಳಿದೆ. ಚೊಂಬು, ಮಣಿಕಟ್ಟು, ಕೆಂಪು ನೂಲಿನಿಂದ ನೀಲಿಯವರೆಗೆ. ಅವಳ ಕೋಳಿಗಳ ಪಟ್ಟಿಯ ಮೇಲೆ ಕಂಡ ಮಸಕು ಚುಕ್ಕೆ ಇಲ್ಲ ಎಂದು ಓದಬೇಕಾದದ್ದು, ನನ್ನಿಂದ ಹೌದು ಆಯಿತು ಎಂದು. ಹೇಳಬೇಡ ಎಂದಿದ್ದನ್ನು ಹೇಳಿದೆ ಎಂದು. ಅಕ್ಕ ಪಟ್ಟಿಯನ್ನು ಮೆಲ್ಲಗೆ ಡಬ್ಬಿಯಲ್ಲಿ ತಿರುಗಿ ಇಟ್ಟಳು.

"ಅವ್ವ ನಿನ್ನ ಕಣ್ಣಿಗೆ ಎಣ್ಣಿ ಬಿಡೂಮುಂದ ದೀಪಾ ನಾನ ಹಿಡಿತಿದ್ದೆ" ಅಂದಳು. ತಡೆದು, "ನಿನ್ನ ಸಲುವಾಗಿ ನಾವು ಮರತ್ವಿ ಅಂದೆ. ಗಂಗವ್ವ ನಾಕ ವರ್ಷ ಆ ಸುಳ್ಳ ನುಂಗಿಕೊಂಡ ಕುಂತಾಳ. ನನಗ ಹೇಳಿದ್ದ ಅಕಿಗೂ ಹೇಳು. ಎಲ್ಲಾ ಮನಿಗೂ ಹೇಳು."

"ನೀನೂ ಬಾ ಅಕ್ಕಾ."

"ನಾ ಬರಾಂಗಿಲ್ಲ" ಅಂದಳು. ಮುಖ ತಿರುಗಿಸಿಕೊಂಡಿದ್ದಳು.

ಗಂಗವ್ವ ಹೊಸ್ತಿಲ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಯಾರು, ಡಾಕ್ಟರೇನು? ಈಗ್ಯಾಕ ಬಂದೀಪಾ? ಕೋಳಿ ಇಲ್ಲಲಾ." ಪಕ್ಕದಲ್ಲಿ ಬೋರಲು ಹಾಕಿದ್ದ ಬುಟ್ಟಿ ತೋರಿಸಿ, "ಕುಂಡ್ರು" ಅಂದಳು.

ಆ ಬುಟ್ಟಿಯ ಮೇಲೆ ನಾನು ಕೂಡಲಿಲ್ಲ. ಚಪ್ಪಲಿ ಬಿಟ್ಟು, ನಿಂತೇ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡಳು. ಗೋಡೆ ಹಿಡಿದು ಎದ್ದು, ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು.

ನಾನು ಚಪ್ಪಲಿ ಮೆಟ್ಟಿಕೊಂಡೆ. ಇನ್ನೂ ಐದು ಮನೆ ಇದ್ದವು.